ಪೀಡೆ ಹಿಡಿಯಲೂ ಪರವಾನಗಿ ಬೇಕೆ?

ಇಂಗ್ಲೆಂಡಿನ ಹೊಳೆಗಳಲ್ಲಿರುವ ಸಿಗ್ನಲ್ ಕ್ರೇಫಿಷ್ ಅಲ್ಲಿ ಯಾರಿಗೂ ಬೇಡವಾದ ಜೀವಿ. ಅದು ಗಾಳ ಹಾಕಿದವರ ಎರೆ ಕದಿಯುತ್ತದೆ, ಮೀನಿನ ಮೊಟ್ಟೆ ತಿನ್ನುತ್ತದೆ, ದಂಡೆಯಲ್ಲಿ ಬಿಲ ತೋಡಿ ರೈತರ ಜಮೀನನ್ನು ಚೂರುಚೂರಾಗಿ ನೀರಿಗೆ ಕೆಡವುತ್ತದೆ. ಸರ್ಕಾರದ ದಾಖಲೆಯಲ್ಲೂ ಅದರ ಹೆಸರು ಇರುವುದು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲೇ. ಹಾಗಿದ್ದರೂ ಅಲ್ಲೊಬ್ಬ ತನ್ನ ಮನೆಯ ಹಿಂದೆ ಹರಿಯುವ ತೊರೆಗೆ ಬೋನು ಇಳಿಸಿ ನಾಲ್ಕು ಕ್ರೇಫಿಷ್ ಹಿಡಿದು ಸಾರು ಮಾಡಿಕೊಂಡನೆನ್ನಿ. ಕೈಯಲ್ಲಿ ಲಿಖಿತ ಅನುಮತಿ ಇಲ್ಲದಿದ್ದರೆ ಅವನು ಮಾಡಿದ್ದು ಅಪರಾಧ. ತೊರೆ ಅವನದೇ ಜಮೀನಿನಲ್ಲಿ ಹರಿಯುತ್ತಿದ್ದರೂ ವಿನಾಯಿತಿ ಇಲ್ಲ.

ಮೊದಲ ಸಲ ಕೇಳಿದವರಿಗೆ ಇದು ಕಚೇರಿಯಲ್ಲಿ ಕೂತವರ ಹುಚ್ಚಾಟದಂತೆ ಕಾಣುತ್ತದೆ. ಸರ್ಕಾರಕ್ಕೇ ಬೇಡವಾದ ಪ್ರಾಣಿಯನ್ನು ಜನ ಪುಕ್ಕಟೆಯಾಗಿ ಹಿಡಿದುಕೊಡುತ್ತೇವೆ ಎಂದರೆ ಅರ್ಜಿ ತುಂಬಿ ಎನ್ನುವುದು ಯಾವ ನ್ಯಾಯ? ಗದ್ದೆ ಬದುವಿನ ಏಡಿ ಹಿಡಿದು ಬೆಳೆದ, ಈಗ ರೆಡಿಂಗ್‌ನಲ್ಲೋ ಮಿಲ್ಟನ್ ಕೀನ್ಸ್‌ನಲ್ಲೋ ಮನೆ ಮಾಡಿರುವ ಕನ್ನಡಿಗರಿಗೂ ಈ ಪ್ರಶ್ನೆ ಸಹಜವಾಗಿಯೇ ಏಳಬಹುದು. ಪ್ರಶ್ನೆ ತಪ್ಪಲ್ಲ. ಆದರೆ ಉತ್ತರ ಹುಡುಕಲು ಈ ಜೀವಿ ಅಲ್ಲಿಗೆ ಬಂದ ಬಗೆಯಿಂದಲೇ ಶುರು ಮಾಡಬೇಕು.

ಕ್ರೇಫಿಷ್ ಹೆಸರಿಗೆ ಫಿಷ್, ಜಾತಿಯಲ್ಲಿ ಮೀನಲ್ಲ. ಸಮುದ್ರದ ಲಾಬ್‌ಸ್ಟರ್‌ಗೆ ಸಿಹಿನೀರಿನ ದಾಯಾದಿ. ಗಟ್ಟಿ ಚಿಪ್ಪು, ಮುಂದೆ ಎರಡು ಇಕ್ಕಳ, ಹಿಂದೆ ಮಡಚಿಕೊಳ್ಳುವ ಬಾಲ. ಯುರೋಪಿಗೆ ತನ್ನದೇ ಆದ ಕ್ರೇಫಿಷ್ ಜಾತಿಗಳಿದ್ದವು, ಬ್ರಿಟನ್ನಿನಲ್ಲಿ ಇದ್ದದ್ದು ಬಿಳಿ ಇಕ್ಕಳದ ಒಂದೇ ಜಾತಿ. 1860ರ ಹೊತ್ತಿಗೆ ಇಟಲಿಯ ಪೋ ನದಿಯ ಬಯಲಿನಲ್ಲಿ ಕ್ರೇಫಿಷ್‌ಗಳು ರಾಶಿರಾಶಿಯಾಗಿ ಸಾಯತೊಡಗಿದವು. ಅಫನೊಮೈಸಿಸ್ ಅಸ್ಟಾಸಿ ಎಂಬ, ಬೂಷ್ಟನ್ನು ಹೋಲುವ ಸೂಕ್ಷ್ಮಜೀವಿ ಅದಕ್ಕೆ ಕಾರಣ. ಅದು ಬಂದದ್ದು ಉತ್ತರ ಅಮೆರಿಕದಿಂದ. ಅಲ್ಲಿನ ಕ್ರೇಫಿಷ್‌ಗಳು ಈ ರೋಗವನ್ನು ಮೈಯಲ್ಲಿ ಹೊತ್ತುಕೊಂಡೂ ಸಾಮಾನ್ಯವಾಗಿ ಆರಾಮವಾಗಿರುತ್ತವೆ. ಯುರೋಪಿನವಕ್ಕೆ ತಗುಲಿದರೆ ಹೊಳೆಗೆ ಹೊಳೆಯೇ ಖಾಲಿ. ಕ್ರೇಫಿಷ್ ಪ್ಲೇಗ್ ಎಂದು ಇದಕ್ಕೆ ಹೆಸರು. ಮನುಷ್ಯರಿಗೆ ಇದರಿಂದ ಏನೂ ಆಗುವುದಿಲ್ಲ.

1907ರಲ್ಲಿ ಪ್ಲೇಗ್ ಸ್ವೀಡನ್ ತಲುಪಿತು. ಆಗಸ್ಟ್ ತಿಂಗಳಲ್ಲಿ ಬಂಧುಬಳಗ ಸೇರಿ ಕ್ರೇಫಿಷ್ ಬೇಯಿಸಿ ತಿನ್ನುವುದು ಸ್ವೀಡನ್ನಿನವರಿಗೆ ಹಬ್ಬದಂಥ ಸಂಗತಿ. ಹೊಳೆಗಳು ಬರಿದಾದವು, ತಿನ್ನುವ ಬಯಕೆ ಮಾತ್ರ ಹಾಗೆಯೇ ಉಳಿಯಿತು. 1960ರ ದಶಕದಲ್ಲಿ ಅಲ್ಲಿನವರಿಗೆ ಒಂದು ಉಪಾಯ ಹೊಳೆಯಿತು: ರೋಗಕ್ಕೆ ಜಗ್ಗದ ಅಮೆರಿಕದ ಜಾತಿಯನ್ನೇ ತಂದು ಬಿಟ್ಟರಾಯಿತಲ್ಲ? ಹಾಗೆ ಕ್ಯಾಲಿಫೋರ್ನಿಯಾದಿಂದ ಸಿಗ್ನಲ್ ಕ್ರೇಫಿಷ್ ಬಂತು, ತನ್ನ ಜೊತೆಗೆ ಅದೇ ರೋಗವನ್ನೂ ಹೊತ್ತು ತಂದಿತು. ಬೆಂಕಿ ಆರಿಸಲು ಎಣ್ಣೆಯ ಕೊಡ ಹೊತ್ತು ತಂದ ಕಥೆ. ಸ್ವೀಡನ್ನಿನಿಂದ ಅದರ ಮರಿಗಳು 1970ರ ದಶಕದ ನಡುಭಾಗದಲ್ಲಿ ಬ್ರಿಟನ್ನಿಗೂ ಹೋದವು. ರೈತರಿಗೆ ಉಪಕಸುಬಾಗಲಿ ಎಂದು ಸರ್ಕಾರವೇ ಆಗ ಇದಕ್ಕೆ ಉತ್ತೇಜನ ಕೊಟ್ಟಿತ್ತು. ಒದ್ದೆ ಹುಲ್ಲಿನ ಮೇಲೆ ನಡೆದು ಒಂದು ನೀರಿನಿಂದ ಇನ್ನೊಂದಕ್ಕೆ ಹೋಗಬಲ್ಲ ಪ್ರಾಣಿಯನ್ನು ಸಾಕಣೆಯ ಕೊಳದಲ್ಲಿ ಕೂಡಿಹಾಕಬಹುದು ಎಂದುಕೊಂಡದ್ದು ಈಗ ಆಶ್ಚರ್ಯ ಹುಟ್ಟಿಸುತ್ತದೆ. 1980ರ ದಶಕದ ಆರಂಭದಲ್ಲೇ ಬ್ರಿಟನ್ನಿನ ಹೊಳೆಗಳಲ್ಲಿ ಪ್ಲೇಗ್ ಕಾಣಿಸಿಕೊಂಡಿತು. ಬಿಳಿ ಇಕ್ಕಳದ ಸ್ಥಳೀಯ ಕ್ರೇಫಿಷ್ ಇವತ್ತು ಅಳಿವಿನಂಚಿನ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿದೆ.

ಈಗ ಕಾನೂನಿಗೆ ಬರೋಣ. 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆಯ ಪ್ರಕಾರ ಸಿಗ್ನಲ್ ಕ್ರೇಫಿಷನ್ನು ನೀರಿಗೆ ಬಿಡುವುದು ಅಪರಾಧ. ಅದೇ ಕಾಯ್ದೆ ಸ್ಥಳೀಯ ಜಾತಿಯನ್ನು ಹಿಡಿಯುವುದನ್ನೂ ಮಾರುವುದನ್ನೂ ನಿಷೇಧಿಸುತ್ತದೆ. 1996ರಲ್ಲಿ ಹೊರಗಿನ ಕ್ರೇಫಿಷ್‌ಗಳನ್ನು ಜೀವಂತ ಇಟ್ಟುಕೊಳ್ಳುವುದರ ಮೇಲೆ ಪ್ರತ್ಯೇಕ ಆದೇಶ ಬಂತು. 2016ರಲ್ಲಿ ಯುರೋಪಿಯನ್ ಒಕ್ಕೂಟ ತನ್ನ ಮೊದಲ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿ ಸಿಗ್ನಲ್ ಸೇರಿದಂತೆ ಹಲವು ಅಮೆರಿಕನ್ ಕ್ರೇಫಿಷ್‌ಗಳನ್ನು ಹಾಕಿತು. ಬ್ರಿಟನ್ ಒಕ್ಕೂಟದಿಂದ ಹೊರಬಂದರೂ ಆ ಕಟ್ಟಳೆಗಳನ್ನು ಉಳಿಸಿಕೊಂಡಿತು, 2019ರ ಆದೇಶವೊಂದು ಅವನ್ನು ಮುರಿದವರಿಗೆ ಶಿಕ್ಷೆಯನ್ನೂ ಗೊತ್ತುಮಾಡಿತು. ಇಷ್ಟೂ ಕಾನೂನುಗಳ ತಿರುಳು ಒಂದೇ ಸಾಲಿನದು: ಜೀವಂತ ಸಿಗ್ನಲ್ ಕ್ರೇಫಿಷನ್ನು ಇಟ್ಟುಕೊಳ್ಳುವ, ಸಾಗಿಸುವ, ಮಾರುವ, ಬಿಡುವ ಹಕ್ಕು ಪರವಾನಗಿ ಇಲ್ಲದ ಯಾರಿಗೂ ಇಲ್ಲ. ಗಾಳಕ್ಕೆ ಆಕಸ್ಮಿಕವಾಗಿ ಸಿಕ್ಕಿದ್ದನ್ನು ಕನಿಕರಪಟ್ಟು ನೀರಿಗೆ ಮರಳಿ ಬಿಟ್ಟರೂ ಕಾನೂನು ಮುರಿದಂತೆಯೇ.

ಇನ್ನು ಬೋನಿನ ವಿಚಾರ. ಇಂಗ್ಲೆಂಡಿನಲ್ಲಿ ಅನುಮತಿ ಕೊಡುವುದು ಎನ್ವಿರಾನ್‌ಮೆಂಟ್ ಏಜೆನ್ಸಿ. ಎಲ್ಲಿ ಬೋನು ಇಡುತ್ತೀರಿ, ಏಕೆ, ಎಷ್ಟು ಎಂದು ಅರ್ಜಿಯಲ್ಲಿ ತಿಳಿಸಬೇಕು. ಜಾಗದ ಮಾಲೀಕರ ಒಪ್ಪಿಗೆ ಬೇರೆಯೇ ಬೇಕು. ಅನುಮತಿ ಸಿಕ್ಕರೆ ಜೊತೆಗೆ ಗುರುತಿನ ಚೀಟಿ ಬರುತ್ತದೆ, ಪ್ರತಿ ಬೋನಿಗೂ ಅದನ್ನು ಕಟ್ಟಿರಬೇಕು. ದಂಡೆಯಲ್ಲಿ ಓಡಾಡುವ ಯಾರಾದರೂ ಚೀಟಿ ಇಲ್ಲದ ಬೋನು ಕಂಡರೆ ಏಜೆನ್ಸಿಗೆ ದೂರು ಕೊಡಬಹುದು.

ಬೋನು ನಮಗೆ ಅಪರಿಚಿತವೇನಲ್ಲ. ಮಳೆಗಾಲದಲ್ಲಿ ಹತ್ತುಮೀನಿಗಾಗಿ ಮಲೆನಾಡಿನ ಹಳ್ಳಗಳಿಗೆ ಇಡುವ ಬಿದಿರಿನ ಕೂಳಿಯ ಹಾಗೆಯೇ ಅದರ ಬಾಯಿ ಒಳಮುಖವಾಗಿ ಕಿರಿದಾಗುತ್ತ ಹೋಗುತ್ತದೆ. ಒಳಗೆ ಹೋಗುವುದು ಸಲೀಸು, ಹೊರಗೆ ಬರುವ ದಾರಿ ತಿಳಿಯದು. ವ್ಯತ್ಯಾಸವಿರುವುದು ಅಳತೆಯಲ್ಲಿ. ಉದ್ದ 600 ಮಿಲಿಮೀಟರ್ ಮೀರಬಾರದು, ಅಗಲ 350 ಮೀರಬಾರದು, ಹೆಣಿಗೆಯ ಕಣ್ಣು 30 ಮಿಲಿಮೀಟರಿಗಿಂತ ದೊಡ್ಡದಿರಬಾರದು, ಬಾಯಿ 95 ಮಿಲಿಮೀಟರಿಗಿಂತ ಅಗಲವಿರಬಾರದು. ಈ ಕೊನೆಯ ಸಂಖ್ಯೆಯ ಹಿಂದೆ ನೀರುನಾಯಿಯಿದೆ. ನೀರುನಾಯಿಗೆ ಕ್ರೇಫಿಷ್ ಎಂದರೆ ಪ್ರಾಣ. ಬೋನಿನೊಳಗೆ ಊಟ ಕಂಡು ಅದು ತಲೆ ತೂರಿಸುತ್ತದೆ, ಮೈಯೂ ಹಿಡಿಸಿದರೆ ಒಳಗೇ ಸಿಕ್ಕಿಬೀಳುತ್ತದೆ. ಅದು ಉಸಿರಾಡುವುದು ಗಾಳಿಯನ್ನು, ಬೋನು ಇರುವುದು ನೀರಿನ ತಳದಲ್ಲಿ. ಕೆಲವೇ ನಿಮಿಷಗಳಲ್ಲಿ ಮುಳುಗಿ ಸಾಯುತ್ತದೆ. ಕೀಟನಾಶಕ ಮತ್ತು ಬೇಟೆಯಿಂದ ಇಂಗ್ಲೆಂಡಿನ ಬಹುಭಾಗದಲ್ಲಿ ಕಾಣೆಯಾಗಿದ್ದ ನೀರುನಾಯಿ ಹಲವು ದಶಕಗಳ ಕಾಳಜಿಯಿಂದ ಮರಳಿ ಬಂದಿದೆ. ಸಾರಿನ ಆಸೆಗೆ ಅದನ್ನು ಬಲಿ ಕೊಡಲು ಆ ದೇಶ ತಯಾರಿಲ್ಲ, ಅದು ಸರಿಯೂ ಹೌದು. ಇಪ್ಪತ್ತನಾಲ್ಕು ಗಂಟೆಗೆ ಒಮ್ಮೆಯಾದರೂ ಬೋನು ಎತ್ತಿ ನೋಡಬೇಕೆಂಬ ಷರತ್ತಿಗೂ ಇಂಥದೇ ಕಾರಣ. ಒಳಗೆ ಸಿಕ್ಕ ಮೀನೋ ದಂಡೆಯ ಇಲಿಯೋ ಬದುಕಿದ್ದರೆ ಬಿಡಬೇಕಲ್ಲ.

ಎತ್ತಿದ ಬೋನಿನಲ್ಲಿ ಇರುವುದು ಯಾವ ಜಾತಿ ಎಂದು ತಿಳಿಯುವುದು ಮುಂದಿನ ಕೆಲಸ, ಎಡವುವುದೂ ಹೆಚ್ಚಾಗಿ ಇಲ್ಲೇ. ಇಕ್ಕಳ ತಾಗದಂತೆ ಬೆನ್ನಿನ ಕಡೆಯಿಂದ ಹಿಡಿದು ಮಗುಚಿ ನೋಡಬೇಕು. ಸಿಗ್ನಲ್ ಆದರೆ ಇಕ್ಕಳದ ಅಡಿಭಾಗ ಕೆಂಪು, ಮೇಲ್ಭಾಗದಲ್ಲಿ ಇಕ್ಕಳ ಕವಲೊಡೆಯುವ ಸಂದಿನಲ್ಲಿ ಬಿಳಿ ಅಥವಾ ತಿಳಿನೀಲಿ ಮಚ್ಚೆ, ಬೆನ್ನು ಮತ್ತು ಹೆಗಲು ನುಣುಪು. ಸ್ಥಳೀಯದಾದರೆ ಇಕ್ಕಳದ ಅಡಿ ಮಾಸಲು ಬಿಳಿ, ಹೆಗಲ ಮೇಲೆ ಬೆರಳಾಡಿಸಿದರೆ ಸಣ್ಣ ಮುಳ್ಳುಗಳ ಸಾಲು ತಾಗುತ್ತದೆ. ಎಳೆಯ ಸಿಗ್ನಲ್ ಮತ್ತು ಬೆಳೆದ ಸ್ಥಳೀಯ ಕ್ರೇಫಿಷ್ ಗಾತ್ರದಲ್ಲಿ ಒಂದೇ ಸಮ ಇರುವುದುಂಟು. ಕೆಸರು ಮೆತ್ತಿಕೊಂಡಿದ್ದರೆ ಬಣ್ಣವೂ ಕೈಕೊಡುತ್ತದೆ. ಪೀಡೆ ಹಿಡಿಯುತ್ತಿದ್ದೇನೆ ಎಂದುಕೊಂಡೇ ಆ ಹೊಳೆಯ ಕೊನೆಯ ಸ್ಥಳೀಯ ಕ್ರೇಫಿಷನ್ನು ಕುದಿಯುವ ಪಾತ್ರೆಗೆ ಹಾಕುವುದು ಅಸಾಧ್ಯವೇನಲ್ಲ. ಸ್ಥಳೀಯ ಜಾತಿ ಉಳಿದಿರುವ ನೀರಿನಲ್ಲಿ ಬೋನಿಗೆ ಅನುಮತಿ ಸಿಗುವುದು ದುರ್ಲಭವಾಗಿರುವುದು ಇದಕ್ಕೇ.

ಪ್ಲೇಗ್‌ನ ವಿಷಯವನ್ನು ಅಷ್ಟು ಸುಲಭವಾಗಿ ಬಿಡುವಂತಿಲ್ಲ. ರೋಗದ ಬೀಜಕಣಗಳು ನೀರಿನಲ್ಲಿ ಈಜುತ್ತವೆ, ಒದ್ದೆಯಾದ ಬಲೆ, ಬೂಟು, ಹಗ್ಗಗಳಲ್ಲಿ ದಿನಗಟ್ಟಲೆ ಬದುಕುತ್ತವೆ. ಶನಿವಾರ ಒಂದು ಹೊಳೆಯಲ್ಲಿ ಮುಳುಗಿಸಿದ ಬೋನನ್ನು ಭಾನುವಾರ ಬೆಟ್ಟದಾಚೆಯ ಇನ್ನೊಂದು ಹೊಳೆಗೆ ಹಾಕಿದರೆ ಸಾಕು, ಕ್ರೇಫಿಷ್ ತಾನಾಗಿ ನಡೆದು ತಲುಪಲು ಎಷ್ಟೋ ವರ್ಷ ಬೇಕಿದ್ದ ಜಾಗಕ್ಕೆ ರೋಗ ರಾತ್ರಿ ಬೆಳಗಾಗುವುದರೊಳಗೆ ಮುಟ್ಟುತ್ತದೆ. ಸಿಗ್ನಲ್ ಕಾಲಿಡದ ಹೊಳೆಗಳಲ್ಲೂ ಸ್ಥಳೀಯ ಕ್ರೇಫಿಷ್‌ಗಳು ಹೀಗೆ ಸತ್ತಿವೆ. ಐರ್ಲೆಂಡ್ ಇದಕ್ಕೆ ಉದಾಹರಣೆ. ಅಲ್ಲಿ ಸಿಗ್ನಲ್ ಕ್ರೇಫಿಷ್ ನೆಲೆಯೂರದಿದ್ದರೂ 2015ರಿಂದ ಪ್ಲೇಗ್ ನದಿಯಿಂದ ನದಿಗೆ ಹಬ್ಬಿತು. ಒದ್ದೆ ಸಾಮಾನುಗಳ ಮೇಲೆಯೇ ಅನುಮಾನ. ಹಾಗಾಗಿ ಅನುಮತಿ ಪಡೆದವರು ಪ್ರತಿ ಸಲ ಸಲಕರಣೆ ಪರೀಕ್ಷಿಸಿ, ತೊಳೆದು, ಪೂರ್ತಿ ಒಣಗಿಸಬೇಕು. ಬೋನಿನ ಸಂಖ್ಯೆಗಿಂತ, ಅಳತೆಗಿಂತ ನನಗೆ ಮುಖ್ಯವಾಗಿ ಕಾಣುವುದು ಈ ಷರತ್ತು. ಎಲ್ಲಕ್ಕಿಂತ ಸುಲಭವಾಗಿ ಮುರಿಯುವುದೂ ಇದನ್ನೇ, ಏಕೆಂದರೆ ಬೂಟು ಒಣಗಿದೆಯೇ ಎಂದು ಕೇಳಲು ಯಾವ ಅಧಿಕಾರಿಯೂ ಮನೆ ಬಾಗಿಲಿಗೆ ಬರುವುದಿಲ್ಲ.

ಇಷ್ಟು ಹೇಳಿದ ಮೇಲೂ ಒಬ್ಬರು ಪಟ್ಟು ಹಿಡಿಯಬಹುದು: ಆಗಲಿ, ಎಲ್ಲ ಎಚ್ಚರಿಕೆ ವಹಿಸೋಣ, ಆಮೇಲಾದರೂ ಸಾವಿರಾರು ಬೋನು ಇಟ್ಟು ಹಿಡಿದು ಮುಗಿಸಬಾರದೇಕೆ? ತಿಂದೇ ತೀರಿಸೋಣ ಎನ್ನುವ ಬಾಣಸಿಗರೂ ಟಿವಿಯಲ್ಲಿ ಬಂದು ಹೋಗಿದ್ದಾರೆ. ಈ ವಾದ ಸೋಲುವುದು ಕ್ರೇಫಿಷ್‌ನ ಜೀವನಕ್ರಮದ ಮುಂದೆ.

ಬೋನಿಗೆ ಬೀಳುವುದು ದೊಡ್ಡವು, ಅದರಲ್ಲೂ ಹೆಚ್ಚಾಗಿ ಓಡಾಡುವ ಗಂಡುಗಳು. ಹೆಣ್ಣು ಶರತ್ಕಾಲದಲ್ಲಿ ಕೂಡಿ ಬಾಲದಡಿಯಲ್ಲಿ 200ರಿಂದ 400 ಮೊಟ್ಟೆಗಳನ್ನು ಅಂಟಿಸಿಕೊಂಡು ಚಳಿಗಾಲವಿಡೀ ಬಿಲದಲ್ಲಿ ಕೂರುತ್ತದೆ, ಎರೆಗೆ ಆಸೆಪಟ್ಟು ಹೊರಬರುವುದು ಅಪರೂಪ. ಮರಿಗಳಿಗಂತೂ ಬೋನಿನ ಹಂಗೇ ಇಲ್ಲ. ಇನ್ನೊಂದು ವಿಚಿತ್ರವೆಂದರೆ ಕ್ರೇಫಿಷ್ ತನ್ನ ಜಾತಿಯನ್ನೇ ತಿನ್ನುವ ಪ್ರಾಣಿ. ದೊಡ್ಡ ಗಂಡುಗಳು ಮರಿಗಳನ್ನು ತಿಂದು, ಜಾಗಕ್ಕಾಗಿ ಕಾದಾಡಿ, ಸಂಖ್ಯೆಯನ್ನು ಒಂದು ಮಿತಿಯಲ್ಲಿ ಇಟ್ಟಿರುತ್ತವೆ. ಅವನ್ನು ಎತ್ತಿಬಿಟ್ಟರೆ ಮರಿಗಳಿಗೆ ಹಬ್ಬ.

ಇದು ಬರೀ ತರ್ಕವಲ್ಲ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಯಾರ್ಕ್‌ಶೈರಿನ ಒಂದು ಪುಟ್ಟ ತೊರೆಯ ತುಂಡುಗಳಿಗೆ ಅಡ್ಡಕಟ್ಟು ಹಾಕಿ, ನೀರನ್ನು ಪಂಪಿನಿಂದ ಬಸಿದು, ಕಲ್ಲು ಕಲ್ಲನ್ನೂ ಎತ್ತಿ ಕ್ರೇಫಿಷ್ ಹೆಕ್ಕಿದರು. ಒಂದೇ ಜಾಗದಲ್ಲಿ ಮೂರು ಸಲ ಹೀಗೆ ನೀರು ಬಸಿದರು. ಕೆಲವು ಕಡೆ ಒಂದು ಚದರ ಮೀಟರಿಗೆ ನೂರಕ್ಕೂ ಹೆಚ್ಚು ಸಿಕ್ಕವು. ಎರೆಯಿಟ್ಟ ಬೋನಿಗೆ ಬೀಳುವಷ್ಟು ದೊಡ್ಡವು ಅವುಗಳಲ್ಲಿ ಎಷ್ಟಿದ್ದವೆಂದು ಲೆಕ್ಕ ಹಾಕಿದರೆ ಬಂದ ಉತ್ತರ ಶೇ 2.3. ನೂರರಲ್ಲಿ ತೊಂಬತ್ತೇಳಕ್ಕೂ ಹೆಚ್ಚು ಬೋನಿನ ಕಣ್ಣಿಗೆ ಬೀಳುವುದೇ ಇಲ್ಲ ಎಂದಾಯಿತು. ಬೋನು ತುಂಬ ಕ್ರೇಫಿಷ್ ಎತ್ತಿದವನಿಗೆ ಹೊಳೆ ಸ್ವಚ್ಛವಾಯಿತು ಎನ್ನಿಸುವುದು ಸಹಜ. ಹೊಳೆಗೆ ಅದು ಗೊತ್ತೇ ಆಗಿರುವುದಿಲ್ಲ.

ಮಾರುಕಟ್ಟೆಯ ಮಾತು ಇನ್ನೂ ನಾಜೂಕು. ಹಿಡಿದದ್ದಕ್ಕೆ ಬೆಲೆ ಬಂದರೆ ಹಿಡಿಯುವವರು ಹೆಚ್ಚುತ್ತಾರೆ, ನಿಜ. ಆದರೆ ಕಸುಬು ನಡೆಯಬೇಕಾದರೆ ಮುಂದಿನ ವರ್ಷವೂ ಕ್ರೇಫಿಷ್ ಬೇಕಲ್ಲ! ಮರಿಗಳನ್ನು ಬಿಟ್ಟು ದೊಡ್ಡವನ್ನಷ್ಟೇ ಎತ್ತುವುದು, ಮನೆಗೆ ಹತ್ತಿರದ ಕೊಳಕ್ಕೆ ಒಂದು ಬಕೆಟ್ ಸುರಿಯುವುದು, ಇದೆಲ್ಲ ಮನುಷ್ಯ ಸ್ವಭಾವ. ಬ್ರಿಟನ್ನಿಗೆ ಈ ಪ್ರಾಣಿ ಬಂದದ್ದೇ ಲಾಭದ ಆಸೆಯಿಂದ ಎಂಬುದನ್ನು ನಿಯಮ ಬರೆಯುವವರು ಮರೆತಿಲ್ಲ. ಸ್ಕಾಟ್ಲೆಂಡ್ ಇನ್ನೂ ಬಿಗಿ. ಅಲ್ಲಿ 1995ರಲ್ಲಿ ಗ್ಯಾಲೊವೇ ಪ್ರದೇಶದಲ್ಲಿ ಸಿಗ್ನಲ್ ಮೊದಲು ಪತ್ತೆಯಾಯಿತು. ಅಲ್ಲೇ ಇರುವ ಲಾಕ್ ಕೆನ್ ಸರೋವರದಲ್ಲಿ 2009ರಲ್ಲಿ ಪ್ರಯೋಗಕ್ಕೆಂದು ಬೋನು ಹಾಕಿ ಲಕ್ಷಗಟ್ಟಲೆ ಎತ್ತಿದರು. ಅಷ್ಟಾದರೂ ಸರೋವರ ಖಾಲಿಯಾಗಲಿಲ್ಲ. ವ್ಯಾಪಾರಕ್ಕಾಗಿ ಹಿಡಿಯಲು ಅಲ್ಲಿ ಅವಕಾಶವೇ ಇಲ್ಲ.

ಹಾಗಾದರೆ ಅನುಮತಿ ಯಾರಿಗೆ, ಯಾತಕ್ಕೆ? ಮೀನು ಸಾಕಣೆಯ ಕೊಳದಲ್ಲಿ ಉಪಟಳ ತಗ್ಗಿಸಲು, ಸಂಶೋಧನೆಗೆ, ಕೆಲವು ಕಡೆ ಮನೆಯ ಅಡುಗೆಗೂ ಕೊಡುವುದುಂಟು. ಸಾಮರ್‌ಸೆಟ್‌ನ ಬಾರ್ಲ್ ನದಿಯ ಪ್ರಯೋಗ ಕುತೂಹಲದ್ದು. ಅಲ್ಲಿ ಬೋನಿಗೆ ಬಿದ್ದ ದೊಡ್ಡ ಗಂಡುಗಳನ್ನು ಕೊಲ್ಲದೆ, ಸಂತಾನಹರಣ ಮಾಡಿ ನೀರಿಗೆ ಮರಳಿ ಬಿಟ್ಟರು. ದೊಡ್ಡ ಗಂಡು ಹೊಳೆಯಲ್ಲಿದ್ದರೆ ಮರಿಗಳನ್ನು ತಿನ್ನುತ್ತದೆ, ಚಿಕ್ಕ ಗಂಡುಗಳನ್ನು ಹೆಣ್ಣಿನ ಹತ್ತಿರ ಬಿಡುವುದಿಲ್ಲ, ತಾನು ಕೂಡಿದರೂ ಮರಿಯಾಗುವುದಿಲ್ಲ. ಬಿಡುವುದು ಅಪರಾಧ ಎನ್ನುವ ಕಾನೂನೇ ಇಲ್ಲಿ ಬಿಡಲು ಪರವಾನಗಿ ಕೊಟ್ಟಿದೆ. ಕಾನೂನು ತಲೆ ಓಡಿಸಿದ್ದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಕಂಡಿಲ್ಲ. ಇತ್ತ ಬ್ರಿಸ್ಟಲ್‌ನ ಪ್ರಾಣಿಸಂಗ್ರಹಾಲಯದವರು ಸ್ಥಳೀಯ ಕ್ರೇಫಿಷ್‌ನ ಮರಿ ಮಾಡಿಸಿ, ಸಿಗ್ನಲ್ ತಲುಪಲಾರದ ಹಳೆಯ ಕ್ವಾರಿ ಹೊಂಡ, ಒಂಟಿ ತೊರೆಗಳಿಗೆ ಬಿಡುತ್ತಿದ್ದಾರೆ. ಹರಿಯುವ ದೊಡ್ಡ ನದಿಗಳ ಮಟ್ಟಿಗೆ ಸೋಲು ಒಪ್ಪಿಕೊಂಡಾಗಿದೆ ಎಂಬುದನ್ನು ಈ ಏರ್ಪಾಡೇ ಹೇಳುತ್ತದೆ.

ಪರವಾನಗಿ ಪದ್ಧತಿಯಿಂದ ಸಿಗ್ನಲ್ ಕ್ರೇಫಿಷ್ ಕಡಿಮೆಯಾಗಿಲ್ಲ, ಆಗುವುದೂ ಇಲ್ಲ. ಅದನ್ನು ಹಾಗೆ ಅಳೆಯುವುದೇ ತಪ್ಪು. ಅದರ ಕೆಲಸ ಮನುಷ್ಯರನ್ನು ಹದ್ದಿನಲ್ಲಿಡುವುದು: ಯಾರ ಬೋನು ಯಾವ ನೀರಿನಲ್ಲಿದೆ, ಅದು ಒಣಗಿದೆಯೇ, ಅದರೊಳಗೆ ನೀರುನಾಯಿ ಸಿಕ್ಕೀತೇ, ಹಿಡಿದದ್ದು ಸತ್ತು ಹೊರಬಂತೋ ಬಕೆಟ್ಟಿನಲ್ಲಿ ಬದುಕಿ ಹೊರಟಿತೋ. ಆ ಮಟ್ಟಿಗೆ ನಿಯಮ ಸರಿಯಾಗಿದೆ. ನನ್ನ ತಕರಾರು ಬೇರೆ ಕಡೆ. ಒಬ್ಬ ಸಾಮಾನ್ಯನಿಗೆ ಅರ್ಜಿ, ಚೀಟಿ, ಅಳತೆಗಳ ಪಟ್ಟಿ ಕೊಟ್ಟಷ್ಟೇ ಶ್ರದ್ಧೆಯಿಂದ ಅವುಗಳ ಹಿಂದಿನ ಕಾರಣ ಹೇಳಿದ್ದರೆ ಕದ್ದು ಇಡುವ ಬೋನುಗಳು ಕಡಿಮೆಯಾಗುತ್ತಿದ್ದವು. 95 ಮಿಲಿಮೀಟರ್ ಎಂದಷ್ಟೇ ಬರೆದರೆ ಅದು ಅಧಿಕಾರಿಯ ದರ್ಪ. ನೀರುನಾಯಿ ಮುಳುಗುತ್ತದೆ ಎಂದು ಬರೆದರೆ ಯಾರಾದರೂ ಒಪ್ಪುತ್ತಾರೆ.

ನಮಗೆ ಇದರಿಂದೇನು? ಭಾರತದ ನದಿಗಳಲ್ಲಿ ಸ್ಥಳೀಯ ಕ್ರೇಫಿಷ್ ಇಲ್ಲ. ನಮ್ಮ ಹಳ್ಳಗಳಲ್ಲಿರುವುದು ಏಡಿ ಮತ್ತು ಸಿಹಿನೀರಿನ ಸೀಗಡಿ. ಆದರೆ ಅಕ್ವೇರಿಯಂ ವ್ಯಾಪಾರದಲ್ಲಿ ನೀಲಿ, ಕೆಂಪು ಬಣ್ಣದ ಹೊರದೇಶದ ಕ್ರೇಫಿಷ್‌ಗಳು ನಮ್ಮಲ್ಲೂ ಮಾರಾಟಕ್ಕಿವೆ. ಅವುಗಳ ಬಳಗದಲ್ಲಿ ಮಾರ್ಬಲ್ಡ್ ಕ್ರೇಫಿಷ್ ಎಂಬ ಒಂದು ಜಾತಿಯಿದೆ. 1990ರ ದಶಕದಲ್ಲಿ ಜರ್ಮನಿಯ ಅಕ್ವೇರಿಯಂಗಳಲ್ಲಿ ಕಾಣಿಸಿಕೊಂಡದ್ದು. ಅದರಲ್ಲಿ ಗಂಡೇ ಇಲ್ಲ, ಒಂಟಿ ಹೆಣ್ಣು ತನ್ನದೇ ಪಡಿಯಚ್ಚುಗಳನ್ನು ಹೆರುತ್ತದೆ. ಮಡಗಾಸ್ಕರ್‌ನ ಗದ್ದೆ, ಹೊಳೆಗಳನ್ನು ಅದು ಈಗಾಗಲೇ ತುಂಬಿದೆ. ಸಾಕಣೆಗೆಂದು ಬಂದು, ನಿಷೇಧವಾದ ಮೇಲೂ ಬೆಂಗಳೂರಿನ ಕೆರೆಗಳಲ್ಲಿ ಬಲೆಗೆ ಬೀಳುತ್ತಲೇ ಇರುವ ಆಫ್ರಿಕನ್ ಕ್ಯಾಟ್‌ಫಿಷ್ ನಮ್ಮ ಕಣ್ಣೆದುರೇ ಇದೆ. ಬಂದ ಮೇಲೆ ಪರವಾನಗಿ ಪದ್ಧತಿ ಕಟ್ಟುವ ಖರ್ಚು ಎಷ್ಟೆಂದು ತಿಳಿಯಲು ಬ್ರಿಟನ್ನಿಗೆ ನಲವತ್ತು ವರ್ಷ ಬೇಕಾಯಿತು.

ಬ್ರಿಟನ್ನಿನಲ್ಲಿರುವ ಓದುಗರಿಗೆ ಒಂದು ಮಾತು. ಬೋನು ಇಡುವ ಆಸೆಯಿದ್ದರೆ ಮೊದಲು ಅರ್ಜಿ, ಆಮೇಲೆ ಬೋನು. ಆನ್‌ಲೈನ್ ಅಂಗಡಿಯಲ್ಲಿ ಬೋನು ಸಿಗುತ್ತದೆ ಎಂದ ಮಾತ್ರಕ್ಕೆ ಇಡುವ ಅನುಮತಿ ಸಿಕ್ಕಂತಲ್ಲ. ಹಿಡಿದದ್ದನ್ನು ಜೀವಂತವಾಗಿ ಕಾರಿನಲ್ಲಿ ಸಾಗಿಸಬೇಡಿ, ನೀರಿಗೂ ಮರಳಿ ಹಾಕಬೇಡಿ. ಹೊಳೆಯಿಂದ ಬಂದ ಮೇಲೆ ಬೂಟು ತೊಳೆದು ಒಣಗಿಸಿ. ಇಲ್ಲಿ ಊರಿನಲ್ಲಿ ಮಕ್ಕಳಿಗೆಂದು ಕ್ರೇಫಿಷ್ ತಂದಿಟ್ಟುಕೊಂಡವರು, ಸಾಕುವುದು ಸಾಕೆನಿಸಿದಾಗ ಅದನ್ನು ತಂದ ಅಂಗಡಿಗೇ ಹಿಂದಿರುಗಿಸಿ. ಪಕ್ಕದ ಕೆರೆಗೆ ಬಿಡಬೇಡಿ.